ಬಹಳ ದಿನಗಳ ಮೇಲೆ ದೇವಾಲಯಕ್ಕೆ ಮರಳುವಾಗ ದೇವರಿಗೆ ಸಲ್ಲಿಸುವ ಗೌರವ ಯಾವುದು?

ಈ ತಿಂಗಳ ಪಾಠ

ಉದ್ದೇಶ: ಬಹುಕಾಲ ಬಲಿಪೂಜೆಗೆ ಬಾರದೆ ಉಳಿದ ಸಹೋದರಿಯರು ಅಂಜಿಕೆ ಬಿಟ್ಟು ಮರಳಿ ಬರುವಂತೆ, ಬಂದವರನ್ನು ನಾವು ಪ್ರೀತಿಯಿಂದ ಬರಮಾಡಿಕೊಳ್ಳುವಂತೆ ಮಾಡುವುದು.
ಸಮಯ: ಒಂದು ಗಂಟೆ.
ಬೇಕಾದವು: ಬೈಬಲ್, ಒಂದು ಮೇಣದಬತ್ತಿ, ಸಂಘದ ಹಾಜರಿ ಪುಸ್ತಕ.

ಪ್ರೀತಿಯ ಅಕ್ಕತಂಗಿಯರೇ,

ನಮ್ಮ ಸಂಘದ ಸಭೆಯಲ್ಲಿ ಮೊದಲು ಪ್ರಾರ್ಥನೆ, ಆಮೇಲೆ ಹಾಜರಿ. ಒಬ್ಬ ಸದಸ್ಯೆ ಎರಡು ವಾರ ಬಾರದಿದ್ದರೆ "ಯಾಕೆ ಬಂದಿಲ್ಲ? ಹುಷಾರಿಲ್ವಾ?" ಎಂದು ಕೇಳುತ್ತೇವೆ. ಮೂರನೇ ವಾರ ಪ್ರತಿನಿಧಿ ಮನೆಗೇ ಹೋಗಿ ವಿಚಾರಿಸಿಕೊಂಡು ಬರುತ್ತಾಳೆ. ಆದರೆ ಎರಡು ಮೂರು ವರ್ಷದಿಂದ ಭಾನುವಾರದ ಪೂಜೆಗೆ ಬಾರದ ನಮ್ಮದೇ ಸದಸ್ಯೆಯನ್ನು ಯಾರು ವಿಚಾರಿಸಿದ್ದೇವೆ? ಈ ತಿಂಗಳು ಇದನ್ನೇ ಕುರಿತು ಯೋಚಿಸೋಣ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದ ಸಹೋದರಿಯರೂ ಇದ್ದಾರೆ. ಈ ಪಾಠ ಕ್ರೈಸ್ತ ಸದಸ್ಯರಿಗಾಗಿ ಬರೆದದ್ದು. ಬೇರೆಯವರನ್ನು ಪೂಜೆಗೆ ಕರೆಯುವುದು ಇದರ ಉದ್ದೇಶವಲ್ಲ. ಹಾಗೆಯೇ ಪೂಜೆಗೆ ಬರುವುದಕ್ಕೂ ಸಂಘದಲ್ಲಿ ಸಾಲ ಸಿಗುವುದಕ್ಕೂ ಯಾರೂ ಗಂಟು ಹಾಕಬಾರದು. ಆದರೆ ಮುನಿಸು, ಅಂಜಿಕೆ, ಮರಳಿ ಬರುವುದು ಇವು ಎಲ್ಲರ ಮನೆಯಲ್ಲೂ ಇರುವಂಥವು. ಆದ್ದರಿಂದ ಎಲ್ಲರೂ ಕೂತು ಕೇಳಬಹುದು, ಮಾತನಾಡಬಹುದು.

1. ನಾವು ಯಾಕೆ ದೂರವಾದೆವು?

2020ರ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್ ಆಯಿತು. ದೇವಾಲಯಗಳ ಬಾಗಿಲೂ ಮುಚ್ಚಿದವು. ಆ ವರ್ಷ ಗರಿಗಳ ಭಾನುವಾರ, ಶುಭ ಶುಕ್ರವಾರ, ಏಪ್ರಿಲ್ 12ರ ಪಾಸ್ಕ ಹಬ್ಬ ಯಾವುದಕ್ಕೂ ನಾವು ಒಟ್ಟು ಸೇರಲಿಲ್ಲ. ಮಾರ್ಚ್ 27ರ ಸಂಜೆ ರೋಮ್ ನಗರದ ಸಂತ ಪೇತ್ರರ ಚೌಕದಲ್ಲಿ, ಜನರೇ ಇಲ್ಲದೆ, ಸುರಿಯುವ ಮಳೆಯಲ್ಲಿ ಅಂದಿನ ಜಗದ್ಗುರು ಫ್ರಾನ್ಸಿಸರು ಲೋಕಕ್ಕಾಗಿ ಪ್ರಾರ್ಥಿಸಿದ್ದನ್ನು ನಮ್ಮಲ್ಲಿ ಹಲವರು ಟಿವಿಯಲ್ಲಿ ನೋಡಿದ್ದೇವೆ. ಜೂನ್ 8ರಿಂದ ದೇವಾಲಯಗಳನ್ನು ತೆರೆಯಲು ಅನುಮತಿ ಬಂತು. 2021ರ ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂದು ಮತ್ತೆ ಮುಚ್ಚಿದವು, ಜುಲೈನಲ್ಲಿ ಮತ್ತೆ ತೆರೆದವು.

ಬಾಗಿಲು ತೆರೆಯಿತು, ಆದರೆ ಹೋದವರೆಲ್ಲ ಮರಳಲಿಲ್ಲ. ಕೆಲವರಿಗೆ ಅಭ್ಯಾಸ ತಪ್ಪಿತು. ಕೆಲವರು ಆ ಕಾಯಿಲೆಯಲ್ಲಿ ಮನೆಯವರನ್ನು ಕಳೆದುಕೊಂಡರು. "ಅವರಿಲ್ಲದೆ ಆ ಬೆಂಚಿನಲ್ಲಿ ಹೇಗೆ ಕೂರಲಿ?" ಎನ್ನುವ ದುಃಖ ಅವರದು.

ಕೋವಿಡ್ ಒಂದೇ ಕಾರಣವಲ್ಲ. ಗಾರ್ಮೆಂಟ್ಸ್ ಕೆಲಸಕ್ಕೆಂದು ಊರು ಬಿಟ್ಟವರಿದ್ದಾರೆ. ತೋಟದಲ್ಲಿ ಕಾಫಿ ಕೊಯ್ಲಿನ ಸಮಯದಲ್ಲಿ ಭಾನುವಾರವೂ ಕೆಲಸ. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಬರಲಾಗದವರಿದ್ದಾರೆ. ಗಂಡನ ಕುಡಿತದಿಂದ ಶನಿವಾರ ರಾತ್ರಿಯೆಲ್ಲ ಜಗಳ, ಭಾನುವಾರ ಬೆಳಿಗ್ಗೆ ಮುಖ ತೋರಿಸಲು ನಾಚಿಕೆ. ಇನ್ನು ಕೆಲವರದು ಹೊರಗೆ ಹೇಳಲಾಗದ ಕಾರಣ: ಸಾಲ ಬಾಕಿ ಇದೆ, ಸಾಲ ಕೊಟ್ಟವರು ಅದೇ ದೇವಾಲಯದಲ್ಲಿ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ.

ಇವೆಲ್ಲ ಒಂದೇ ತೂಕದವಲ್ಲ. ಕಾಯಿಲೆ, ಎಳೆಮಗುವಿನ ಆರೈಕೆಯಂಥ ನಿಜವಾದ ಅಡಚಣೆ ಇದ್ದು ಭಾನುವಾರದ ಪೂಜೆಗೆ ಬರಲಾಗದಿದ್ದರೆ ಅದು ಪಾಪವಲ್ಲ ಎಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ (2181ನೇ ಸಂಖ್ಯೆ) ಸ್ಪಷ್ಟವಾಗಿ ತಿಳಿಸುತ್ತದೆ. ಕೋವಿಡ್ ಕಾಲದಲ್ಲಿ ಧರ್ಮಾಧ್ಯಕ್ಷರುಗಳೇ ಈ ಕಡ್ಡಾಯದಿಂದ ಬಿಡುಗಡೆ ಕೊಟ್ಟಿದ್ದರು. ಆದ್ದರಿಂದ ಇಲ್ಲದ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡು ಮನೆಯಲ್ಲೇ ಕೂರುವುದು ಬೇಡ. ಹಾಗೆಯೇ ಅಡಚಣೆ ತೀರಿದ ಮೇಲೂ ಹಳೇ ಕಾರಣವನ್ನೇ ಹೇಳಿಕೊಂಡಿರುವುದೂ ಬೇಡ.

2. "ಮೊಬೈಲಿನಲ್ಲೇ ಪೂಜೆ ನೋಡ್ತೀವಲ್ಲ, ಸಾಲದಾ?"

ಈ ಪ್ರಶ್ನೆಗೆ ನಮ್ಮ ಸಂಘವೇ ಉತ್ತರ ಹೇಳುತ್ತದೆ. ವಾರದ ಸಭೆಗೆ ಮಗಳ ಕೈಯಲ್ಲಿ ಉಳಿತಾಯದ ದುಡ್ಡು ಕಳಿಸಿದರೆ ದುಡ್ಡು ಜಮಾ ಆಗುತ್ತದೆ. ಹಾಜರಿ ಆಗುತ್ತದೆಯೇ? ಇಲ್ಲ. ಯಾಕೆಂದರೆ ಸಂಘ ಎಂದರೆ ದುಡ್ಡಿನ ಡಬ್ಬಿ ಅಲ್ಲ, ಚಾಪೆಯ ಮೇಲೆ ಒಟ್ಟಿಗೆ ಕೂತ ಹೆಂಗಸರು. ಧರ್ಮಸಭೆಯೂ ಹಾಗೆಯೇ.

ಟಿವಿ, ಮೊಬೈಲಿನ ಪೂಜೆ ರೋಗಿಗಳಿಗೆ, ವೃದ್ಧರಿಗೆ, ಹೊರಬರಲಾಗದವರಿಗೆ ದೊಡ್ಡ ಸಮಾಧಾನ. ಆದರೆ 2020ರಲ್ಲಿ ವ್ಯಾಟಿಕನ್ನಿನ ಆರಾಧನಾ ವಿಭಾಗದ ಮುಖ್ಯಸ್ಥರಾಗಿದ್ದ ಕಾರ್ಡಿನಲ್ ರಾಬರ್ಟ್ ಸಾರಾ ಅವರು ಲೋಕದ ಧರ್ಮಾಧ್ಯಕ್ಷರ ಮಂಡಳಿಗಳಿಗೆ ಬರೆದ ಪತ್ರದಲ್ಲಿ, ಯಾವ ಪ್ರಸಾರವೂ ದೇವಾಲಯದಲ್ಲಿ ನೇರವಾಗಿ ಪಾಲ್ಗೊಳ್ಳುವುದಕ್ಕೆ ಸಮ ಅಲ್ಲ ಎಂದು ನೆನಪಿಸಿದರು. ಪರಮಪ್ರಸಾದವನ್ನು ಮೊಬೈಲಿನಲ್ಲಿ ನೋಡಬಹುದು, ಸ್ವೀಕರಿಸಲಾಗದು. ಪಕ್ಕದಲ್ಲಿ ಅಳುತ್ತಿರುವ ಅಕ್ಕನ ಕೈ ಹಿಡಿಯಲೂ ಆಗದು.

ಆ ಪತ್ರ ಒಂದು ಹಳೆಯ ಘಟನೆಯನ್ನೂ ನೆನಪಿಸುತ್ತದೆ. ಕ್ರಿ.ಶ. 304ರಲ್ಲಿ ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ ಕ್ರೈಸ್ತರು ಕೂಡುವುದನ್ನೇ ನಿಷೇಧಿಸಿದ್ದ. ಉತ್ತರ ಆಫ್ರಿಕಾದ ಅಬಿತೀನ ಎಂಬ ಊರಿನಲ್ಲಿ (ಈಗಿನ ಟುನೀಷಿಯ ದೇಶ) ಒಂದು ಮನೆಯಲ್ಲಿ ಭಾನುವಾರದ ಪೂಜೆಗೆ ಕೂಡಿದ್ದ 49 ಮಂದಿ ಸೆರೆ ಸಿಕ್ಕರು. ಅವರಲ್ಲಿ ಹೆಂಗಸರೂ ಇದ್ದರು. ಯಾಕೆ ಆಜ್ಞೆ ಮೀರಿದಿರಿ ಎಂದು ಕೇಳಿದಾಗ, ಭಾನುವಾರದ ಈ ಕೂಟವಿಲ್ಲದೆ ನಾವು ಬದುಕಲಾರೆವು ಎಂಬ ಅರ್ಥದ ಉತ್ತರ ಕೊಟ್ಟರು, ಪ್ರಾಣವನ್ನೂ ಕೊಟ್ಟರು. ನಮಗೆ ಅಂಥ ಅಪಾಯ ಇಲ್ಲ. ನಮ್ಮನ್ನು ತಡೆಯುವುದು ಹೆಚ್ಚಾಗಿ ನಮ್ಮ ಮನಸ್ಸಿನ ಅಂಜಿಕೆ.

3. ಬೈಬಲ್ ಅಧ್ಯಯನ: ಹನ್ನೆರಡು ವರ್ಷ ದೂರ ಉಳಿದ ಹೆಂಗಸು

(ಒಬ್ಬರು ಮಾರ್ಕ 5:25-34 ನಿಧಾನವಾಗಿ ಓದಲಿ. ಓದಲು ಬಾರದವರು ಕಥೆಯನ್ನು ತಮ್ಮ ಮಾತಿನಲ್ಲಿ ಮತ್ತೆ ಹೇಳಲಿ.)

ಈ ಹೆಂಗಸಿಗೆ ಹನ್ನೆರಡು ವರ್ಷದಿಂದ ರಕ್ತಸ್ರಾವ. ಇದ್ದ ದುಡ್ಡನ್ನೆಲ್ಲ ವೈದ್ಯರಿಗೆ ಸುರಿದಿದ್ದಾಳೆ. ಕಾಯಿಲೆ ವಾಸಿಯಾಗಲಿಲ್ಲ, ಇನ್ನೂ ಹೆಚ್ಚಾಯಿತು. ಆಸ್ಪತ್ರೆ ಖರ್ಚಿಗೆಂದು ಸಂಘದಿಂದ ಸಾಲ ಎತ್ತಿದ ನಮಗೆ ಈ ಕಷ್ಟ ಗೊತ್ತಿರುವಂಥದ್ದೇ.

ಅವಳಿಗೆ ಇನ್ನೊಂದು ನೋವೂ ಇತ್ತು. ಅಂದಿನ ಯೆಹೂದ್ಯ ನಿಯಮದಂತೆ (ಯಾಜಕಕಾಂಡ 15ನೇ ಅಧ್ಯಾಯ) ಸ್ರಾವ ಇರುವಷ್ಟು ದಿನವೂ ಅವಳು ಮೈಲಿಗೆ. ಅವಳು ಕೂತ ಜಾಗವೂ ಮೈಲಿಗೆ. ಅಂದರೆ ಹನ್ನೆರಡು ವರ್ಷ ದೇವಾಲಯ ಇಲ್ಲ, ಹಬ್ಬ ಇಲ್ಲ, ಜನರ ನಡುವೆ ಕೂರುವುದಿಲ್ಲ. ಆದ್ದರಿಂದಲೇ ಅವಳು ಮುಂದಿನಿಂದ ಬರಲಿಲ್ಲ, ಹಿಂದಿನಿಂದ ಬಂದಳು. ಯಾರಿಗೂ ಗೊತ್ತಾಗದಂತೆ ಯೇಸುವಿನ ಉಡುಪನ್ನು ಮುಟ್ಟಿ ಹೊರಟುಹೋಗೋಣ ಅಂದುಕೊಂಡಳು. ಬಹಳ ದಿನಗಳ ಮೇಲೆ ಬಂದು ದೇವಾಲಯದ ಕೊನೇ ಕಂಬದ ಹಿಂದೆ ನಿಂತು, ಪೂಜೆ ಮುಗಿಯುವ ಮೊದಲೇ ಹೊರಟುಹೋಗುವ ನಮ್ಮ ಅಕ್ಕಂದಿರನ್ನು ನೆನೆಯೋಣ.

ಯೇಸು ಏನು ಮಾಡಿದರು? ಮೂರು ಸಂಗತಿ ಗಮನಿಸೋಣ.

ಒಂದು, ಅವರು ನಿಂತರು. ಪ್ರಾರ್ಥನಾ ಮಂದಿರದ ಅಧಿಕಾರಿ ಯಾಯೀರನ ಮಗಳು ಸಾಯುವ ಸ್ಥಿತಿಯಲ್ಲಿದ್ದಳು. ದೊಡ್ಡ ಮನುಷ್ಯ ಕಾಯುತ್ತಿದ್ದಾನೆ, ಅವಸರ ಇದೆ. ಆದರೂ ಈ ಬಡವಿಗಾಗಿ ಯೇಸು ನಿಂತರು.

ಎರಡು, ಅವಳು ನಡುಗುತ್ತಾ ಬಂದು ನಡೆದದ್ದೆಲ್ಲವನ್ನೂ ಹೇಳಿಕೊಂಡಳು. ಇಷ್ಟು ವರ್ಷ ಎಲ್ಲಿದ್ದೆ ಎಂದು ಯೇಸು ಕೇಳಲಿಲ್ಲ. ಮುಟ್ಟಿ ಮೈಲಿಗೆ ಮಾಡಿದೆಯಲ್ಲ ಎಂದು ಗದರಲಿಲ್ಲ. ಪೂರ್ತಿ ಕೇಳಿಸಿಕೊಂಡರು.

ಮೂರು, ಜನರೆಲ್ಲರ ಎದುರಿಗೆ ಅವಳನ್ನು "ಮಗಳೇ" ಎಂದು ಕರೆದರು. ಕಾಯಿಲೆ ವಾಸಿಮಾಡಿ ಕಳಿಸಿಬಿಡಬಹುದಿತ್ತು. ಹಾಗೆ ಮಾಡಲಿಲ್ಲ. ಅವಳನ್ನು ಮತ್ತೆ ಮನೆಯವಳನ್ನಾಗಿ ಮಾಡಿಕೊಂಡರು.

ಆ ದಿನ ಅವಳು ತಂದ ಕಾಣಿಕೆ ಯಾವುದು? ಕೈಯಲ್ಲಿ ಏನೂ ಇರಲಿಲ್ಲ. ಅವಳ ನಂಬಿಕೆ, ಅವಳು ಹೇಳಿದ ಸತ್ಯ, ಇಷ್ಟೇ. ದೇವರಿಗೆ ಅವಳು ಸಲ್ಲಿಸಿದ ಗೌರವ ಅದೇ.

4. ನಮ್ಮನ್ನು ತಡೆಯುವ ಕೆಲವು ತಪ್ಪು ತಿಳುವಳಿಕೆಗಳು

"ಮುಟ್ಟಿನ ದಿನ ಪೂಜೆಗೆ ಬರಬಾರದು." ಇಂಥ ನಿಯಮ ಕಥೋಲಿಕ ಧರ್ಮಸಭೆಯಲ್ಲಿ ಇಲ್ಲ. ಪೂಜೆಗೆ ಬರಬಹುದು, ಪರಮಪ್ರಸಾದವನ್ನೂ ಸ್ವೀಕರಿಸಬಹುದು. ಇದು ಹೊಸ ಮಾತೂ ಅಲ್ಲ. ಕ್ರಿ.ಶ. 601ರ ಸುಮಾರಿಗೆ ಜಗದ್ಗುರು ಮಹಾ ಗ್ರೆಗೊರಿಯವರು ಇಂಗ್ಲೆಂಡಿನಲ್ಲಿ ಸೇವೆ ಮಾಡುತ್ತಿದ್ದ ಸಂತ ಅಗಸ್ಟೀನರಿಗೆ ಕೊಟ್ಟ ಉತ್ತರದಲ್ಲಿ ಇದನ್ನು ಹೇಳಿದ್ದಾರೆ. ಅದಕ್ಕೆ ಅವರು ಕೊಟ್ಟ ಉದಾಹರಣೆ ನಾವು ಈಗ ಓದಿದ ಈ ಹೆಂಗಸಿನದೇ. ಹೆತ್ತವಳು, ಗಂಡನನ್ನು ಕಳೆದುಕೊಂಡವಳು ಇಷ್ಟು ದಿನ ದೇವಾಲಯಕ್ಕೆ ಕಾಲಿಡಬಾರದು ಎನ್ನುವುದೂ ಊರ ರೂಢಿಯೇ ಹೊರತು ಧರ್ಮಸಭೆಯ ಕಾನೂನಲ್ಲ.

"ಒಳ್ಳೇ ಸೀರೆ ಇಲ್ಲ, ಕಾಣಿಕೆಗೆ ದುಡ್ಡಿಲ್ಲ, ವಂತಿಗೆ ಬಾಕಿ ಇದೆ." ಒಗೆದ ಸೀರೆ ಸಾಕು. ಪೂಜೆಗೆ ಟಿಕೆಟ್ ಇಲ್ಲ. ಬಡತನದ ಕಾರಣದಿಂದ ಯಾರೂ ಸಂಸ್ಕಾರಗಳಿಂದ ವಂಚಿತರಾಗದಂತೆ ಗುರುಗಳು ನೋಡಿಕೊಳ್ಳಬೇಕೆಂದು ಧರ್ಮಸಭೆಯ ಕಾನೂನು ಸಂಹಿತೆ (1983) 848ನೇ ವಿಧಿಯಲ್ಲೇ ಹೇಳಿದೆ. ವಂತಿಗೆ ಕಟ್ಟಲು ಕಷ್ಟವಾಗಿದ್ದರೆ ಧರ್ಮಕೇಂದ್ರದ ಗುರುಗಳ ಹತ್ತಿರ ನೇರವಾಗಿ ಹೇಳಿ.

"ಪಾಪನಿವೇದನೆ ಮಾಡಿ ಎಷ್ಟೋ ವರ್ಷ ಆಯ್ತು, ಪ್ರಾರ್ಥನೆಯೂ ಮರೆತುಹೋಗಿದೆ." ಮರೆತಿದ್ದರೆ ಮರೆತಿದ್ದೇನೆ ಅಂತಲೇ ಹೇಳಿ. "ಫಾದರ್, ತುಂಬಾ ವರ್ಷ ಆಯ್ತು, ಹೇಗೆ ಹೇಳ್ಬೇಕು ಅಂತ ತಿಳೀತಿಲ್ಲ, ಸಹಾಯ ಮಾಡಿ" ಎಂದರೆ ಸಾಕು, ಗುರುಗಳು ಒಂದೊಂದಾಗಿ ಕೇಳಿ ನಡೆಸುತ್ತಾರೆ. ಅಲ್ಲಿ ಹೇಳಿದ ಮಾತು ಹೊರಗೆ ಬರುತ್ತದೆಯೇನೋ ಎಂಬ ಭಯ ಬೇಡ. ಪಾಪನಿವೇದನೆಯ ಗುಟ್ಟನ್ನು ಯಾವ ಕಾರಣಕ್ಕೂ ಯಾವ ಗುರುವೂ ಹೊರಗೆ ಬಿಡುವಂತಿಲ್ಲ.

"ನನ್ನ ಮದುವೆ ದೇವಾಲಯದಲ್ಲಿ ಆಗಿಲ್ಲ, ನಾನು ಬರಬಹುದಾ?" ಬರಬಹುದು, ಬನ್ನಿ. ಪರಮಪ್ರಸಾದ ಸ್ವೀಕರಿಸುವ ವಿಷಯವನ್ನು ಗುರುಗಳ ಹತ್ತಿರ ಮಾತಾಡಿ ತೀರ್ಮಾನಿಸಿಕೊಳ್ಳಿ. ಅಲ್ಲಿಯವರೆಗೂ ದೇವರ ವಾಕ್ಯ ಕೇಳಲು, ಎಲ್ಲರ ಜೊತೆ ಪ್ರಾರ್ಥಿಸಲು ಯಾವ ಅಡ್ಡಿಯೂ ಇಲ್ಲ. ಸಾಲಿನಲ್ಲಿ ಹೋಗದೆ ಕೂತಲ್ಲೇ ಇರುವ ಸಹೋದರಿಯನ್ನು ನಾವು ತಿರುಗಿ ತಿರುಗಿ ನೋಡಬಾರದು, ಅಷ್ಟೇ.

5. ಸಾಲ, ಜಗಳ ಮತ್ತು ಬಲಿಪೀಠ

ಇದು ನಮ್ಮ ಸಂಘಗಳಿಗೆ ಎಲ್ಲಕ್ಕಿಂತ ಹತ್ತಿರದ ವಿಷಯ. ಒಂದು ಉದಾಹರಣೆ ಊಹಿಸಿಕೊಳ್ಳೋಣ.

ಒಬ್ಬ ಸದಸ್ಯೆ ಗಂಡನ ಆಪರೇಷನ್ನಿಗೆ ಹತ್ತು ಸಾವಿರ ರೂಪಾಯಿ ಆಂತರಿಕ ಸಾಲ ತೆಗೆದುಕೊಂಡಳು. ನಾಲ್ಕು ಕಂತು ಕಟ್ಟಿದಳು, ಆಮೇಲೆ ಆಗಲಿಲ್ಲ. ಅವಳಿಗೆ ಜಾಮೀನು ನಿಂತ ಗೆಳತಿ ಎಲ್ಲರ ಎದುರು ಮಾತು ಕೇಳಬೇಕಾಯಿತು. ಒಂದು ಭಾನುವಾರ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲೇ ಇಬ್ಬರಿಗೂ ಜೋರು ಮಾತಾಯಿತು. ಸಾಲ ತೆಗೆದವಳು ಅಂದಿನಿಂದ ಸಂಘಕ್ಕೂ ಬರಲಿಲ್ಲ, ಪೂಜೆಗೂ ಬರಲಿಲ್ಲ. ಜಾಮೀನು ನಿಂತವಳು ಪ್ರತಿ ಭಾನುವಾರ ತಪ್ಪದೆ ಬರುತ್ತಾಳೆ, ಹಾಡುತ್ತಾಳೆ, ಪರಮಪ್ರಸಾದ ಸ್ವೀಕರಿಸುತ್ತಾಳೆ. ಈಗ ಹೇಳಿ, ದೇವಾಲಯದಿಂದ ದೂರ ಇರುವವಳು ಯಾರು? ಒಬ್ಬಳೇ ಏನು?

ಮತ್ತಾಯ 5:23-24ರಲ್ಲಿ ಯೇಸು ಹೇಳುವುದು ಇದನ್ನೇ. ಕಾಣಿಕೆ ಹಿಡಿದು ಬಲಿಪೀಠದ ಹತ್ತಿರ ಬಂದಾಗ, ನಿನ್ನ ಮೇಲೆ ಯಾರಿಗೋ ಮನಸ್ತಾಪ ಇದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಇಟ್ಟು ಹೋಗಿ, ಮೊದಲು ಅವರೊಡನೆ ಒಂದಾಗು, ಆಮೇಲೆ ಬಂದು ಅರ್ಪಿಸು. ತಪ್ಪು ಯಾರದು ಎಂದು ಯೇಸು ಇಲ್ಲಿ ವಿಚಾರಣೆ ನಡೆಸುವುದಿಲ್ಲ. ನೆನಪಾದವಳು ಎದ್ದು ಹೋಗಬೇಕು. ಸಾಲ ಕೊಡಬೇಕಾದವಳೂ ಹೋಗಬೇಕು, ಬರಬೇಕಾದವಳೂ ಹೋಗಬೇಕು. ಬಲಿಪೂಜೆಯ ಕ್ರಮದಲ್ಲೂ ಪರಮಪ್ರಸಾದಕ್ಕೆ ಮುಂಚೆಯೇ ನಾವು ಒಬ್ಬರಿಗೊಬ್ಬರು ಕೈಮುಗಿದು ಶಾಂತಿಯನ್ನು ಕೋರುತ್ತೇವೆ. ಮೊದಲು ಶಾಂತಿ, ಆಮೇಲೆ ಊಟದ ಮೇಜು.

ಹಾಗಂತ ಒಂದಾಗುವುದು ಎಂದರೆ ಸಾಲ ಮನ್ನಾ ಎಂದಲ್ಲ. ಅದು ಎಲ್ಲ ಸದಸ್ಯರ ಬೆವರಿನ ದುಡ್ಡು, ಪ್ರಾಮಾಣಿಕವಾಗಿ ತೀರಿಸುವುದೂ ದೇವರಿಗೆ ಗೌರವವೇ. ಆದರೆ ಸಂಘ ಕೂತು ಕಂತನ್ನು ಚಿಕ್ಕದು ಮಾಡಬಹುದು, ಅವಧಿಯನ್ನು ಹೆಚ್ಚಿಸಬಹುದು, ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಬಹುದು. ತಿಂಗಳಿಗೆ ಎರಡು ನೂರು ರೂಪಾಯಿಯಾದರೂ ಸರಿ, ತಲೆ ಎತ್ತಿ ನಡೆಯುವ ದಾರಿ ಆಗುತ್ತದೆ. ಮತ್ತೊಂದು ನಿಯಮ ಎಲ್ಲ ಸಂಘಗಳೂ ಮಾಡಿಕೊಳ್ಳುವುದು ಒಳ್ಳೆಯದು: ದೇವಾಲಯದ ಅಂಗಳದಲ್ಲಿ ಸಾಲದ ಮಾತು ಇಲ್ಲ. ಅದಕ್ಕೆ ಸಂಘದ ಸಭೆ ಇದೆ.

ಇಲ್ಲೊಂದು ಎಚ್ಚರಿಕೆಯೂ ಬೇಕು. ಗಂಡನ ಹೊಡೆತ ತಿನ್ನುವ ಹೆಂಗಸಿಗೆ "ಹೋಗಿ ಒಂದಾಗು" ಎಂದು ಈ ವಾಕ್ಯ ಹೇಳಿ ಬಾಯಿ ಮುಚ್ಚಿಸಬಾರದು. ಅವಳಿಗೆ ಮೊದಲು ಬೇಕಾದದ್ದು ರಕ್ಷಣೆ, ನಮ್ಮ ಬೆಂಬಲ.

6. ಬಂದವರಿಗೆ ಜಾಗ ಮಾಡಿಕೊಡೋಣ

ಮರಳಿ ಬಂದವಳ ಕಿವಿಗೆ ಮೊದಲು ಬೀಳುವ ಮಾತು ಯಾವುದು? "ಏನ್ರೀ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?" "ಓ, ದಾರಿ ಗೊತ್ತಿದೆಯಾ ಇನ್ನೂ?" ನಾವು ತಮಾಷೆಗೆ ಅನ್ನುತ್ತೇವೆ. ಅವಳಿಗೆ ಅದು ಮುಳ್ಳು. ಮುಂದಿನ ಭಾನುವಾರ ಅವಳು ಬರುವುದಿಲ್ಲ. "ಬನ್ನಿ ಅಕ್ಕ, ಇಲ್ಲಿ ಕೂತ್ಕೊಳ್ಳಿ" ಎಂದು ಸ್ವಲ್ಪ ಸರಿದು ಜಾಗ ಕೊಟ್ಟರೆ ಅದಕ್ಕಿಂತ ದೊಡ್ಡ ಸ್ವಾಗತ ಬೇಕಿಲ್ಲ.

ಬಾಬಿಲೋನಿನ ಸೆರೆಯಿಂದ ಮರಳಿದ ಜನರ ನಡುವೆ ಕ್ರಿ.ಪೂ. 5ನೇ ಶತಮಾನದಲ್ಲಿ ನಡೆದದ್ದನ್ನು ನೆಹೆಮೀಯ 8ನೇ ಅಧ್ಯಾಯದಲ್ಲಿ ಓದುತ್ತೇವೆ. ಜೆರುಸಲೇಮಿನ ನೀರುಬಾಗಿಲಿನ ಎದುರು ಗಂಡಸರು, ಹೆಂಗಸರು, ಕೇಳಿ ತಿಳಿಯಬಲ್ಲವರೆಲ್ಲರೂ ಸೇರಿದರು. ಎಜ್ರನು ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರ ಓದಿದ. ತಾವು ಎಷ್ಟು ದೂರ ಹೋಗಿದ್ದೆವು ಎಂದು ತಿಳಿದು ಜನ ಅತ್ತರು. ಆಗ ಅವರ ಹಿರಿಯರು ಅಳಬೇಡಿ ಎಂದರು. ಹೋಗಿ ಒಳ್ಳೆಯ ಊಟ ಮಾಡಿ, ಏನೂ ಸಿದ್ಧಮಾಡಿಕೊಳ್ಳಲಾಗದವರ ಮನೆಗೂ ಒಂದು ಪಾಲು ಕಳಿಸಿ ಎಂದರು. ಆರಾಧನೆಗೆ ಮರಳಿದ ದಿನ ದೇವರು ಬಯಸಿದ ಗೌರವ ಇದು: ಪಕ್ಕದ ಮನೆಯ ಒಲೆಯೂ ಉರಿಯಬೇಕು.

ಲೂಕ 15:8-10ರಲ್ಲಿ ಹತ್ತು ಬೆಳ್ಳಿ ನಾಣ್ಯ ಇದ್ದ ಹೆಂಗಸಿನ ಸಾಮತಿ ಇದೆ. ಒಂದು ಕಳೆದರೆ ಒಂಬತ್ತು ಇದೆಯಲ್ಲ ಅನ್ನಲಿಲ್ಲ. ದೀಪ ಹಚ್ಚಿದಳು, ಮನೆ ಗುಡಿಸಿದಳು, ಸಿಗುವವರೆಗೂ ಹುಡುಕಿದಳು. ಸಿಕ್ಕಾಗ ನಾಣ್ಯವನ್ನು ಬೈಯಲಿಲ್ಲ. ಗೆಳತಿಯರನ್ನು, ನೆರೆಯವರನ್ನು ಕರೆದು ಸಂತೋಷಪಟ್ಟಳು. ದುಡ್ಡಿನ ಲೆಕ್ಕ ತಿಳಿದ ನಮಗೆ ಈ ಹೆಂಗಸು ಅರ್ಥವಾಗುತ್ತಾಳೆ.

7. ಮೊದಲ ಭಾನುವಾರಕ್ಕೆ ಸಿದ್ಧತೆ

1) ಪೂಜೆಯ ಸಮಯ ಬದಲಾಗಿರಬಹುದು, ಮೊದಲೇ ಕೇಳಿ ತಿಳಿದುಕೊಳ್ಳಿ. ಒಬ್ಬರೇ ಬರಲು ಅಂಜಿಕೆಯಾದರೆ ಸಂಘದ ಒಬ್ಬ ಗೆಳತಿಯ ಜೊತೆ ಬನ್ನಿ.
2) ಸಾಧ್ಯವಾದರೆ ವಾರದ ನಡುವೆ ಗುರುಗಳನ್ನು ಕಂಡು ಪಾಪನಿವೇದನೆ ಮಾಡಿಕೊಳ್ಳಿ. ಆಗದಿದ್ದರೂ ಪೂಜೆಗೆ ಬರುವುದನ್ನು ನಿಲ್ಲಿಸಬೇಡಿ.
3) ಪರಮಪ್ರಸಾದಕ್ಕೆ ಒಂದು ಗಂಟೆ ಮುಂಚೆ ಊಟ ತಿಂಡಿ ಬಿಡಬೇಕು. ನೀರು, ಔಷಧಿ ತೆಗೆದುಕೊಳ್ಳಬಹುದು. ವೃದ್ಧರಿಗೆ, ರೋಗಿಗಳಿಗೆ, ಅವರನ್ನು ನೋಡಿಕೊಳ್ಳುವವರಿಗೆ ಈ ನಿಯಮದಿಂದ ವಿನಾಯಿತಿ ಇದೆ.
4) ಯಾರ ಮೇಲಾದರೂ ಮುನಿಸಿದ್ದರೆ ಶನಿವಾರದೊಳಗೆ ಒಂದು ಮಾತು ಆಡಿಬಿಡಿ. ಅವರು ಒಪ್ಪದಿದ್ದರೆ ನಿಮ್ಮ ಪಾಲಿನದನ್ನು ನೀವು ಮಾಡಿದ್ದೀರಿ.
5) ಉತ್ತರ ಮರೆತಿದ್ದರೆ, ಹಾಡು ಹೊಸದಾಗಿದ್ದರೆ ನಾಚಿಕೆ ಬೇಡ. ಕೇಳುತ್ತಾ ಕೇಳುತ್ತಾ ಬರುತ್ತದೆ.
6) ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಗುರುಗಳಿಗೆ ತಿಳಿಸಿ, ಪರಮಪ್ರಸಾದವನ್ನು ಮನೆಗೇ ತಂದುಕೊಡುವ ಏರ್ಪಾಡು ಇದೆ. ನೀವು ಪೂಜೆಗೆ ಹೋಗುವ ಆ ಒಂದು ಗಂಟೆ ರೋಗಿಯ ಹತ್ತಿರ ಕೂರಲು ಸಂಘದ ಇನ್ನೊಬ್ಬ ಸದಸ್ಯೆಯನ್ನು ಕೇಳಿ. ಅವಳು ಯಾವ ಧರ್ಮದವಳಾದರೂ ಆ ಸೇವೆ ದೇವರಿಗೆ ಮೆಚ್ಚುಗೆಯೇ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಊರಿನಲ್ಲಿ ಹೆಂಗಸರು ಪೂಜೆಗೆ ಬಾರದಿರಲು ಮುಖ್ಯ ಕಾರಣಗಳೇನು? ಅದರಲ್ಲಿ ನಾವು ಸರಿಪಡಿಸಬಹುದಾದದ್ದು ಯಾವುದು?
2. ಮಾರ್ಕನ ಶುಭಸಂದೇಶದ ಆ ಹೆಂಗಸು ಇಂದು ನಮ್ಮ ದೇವಾಲಯಕ್ಕೆ ಬಂದರೆ ಎಲ್ಲಿ ಕೂರುತ್ತಾಳೆ? ನಾವು ಏನು ಹೇಳುತ್ತೇವೆ?
3. 5ನೇ ಭಾಗದ ಉದಾಹರಣೆಯಲ್ಲಿ ನಮ್ಮ ಸಂಘ ಇದ್ದಿದ್ದರೆ ಏನು ಮಾಡುತ್ತಿತ್ತು?

ಈ ತಿಂಗಳ ತೀರ್ಮಾನ

ಹಾಜರಿ ಪುಸ್ತಕ ತೆರೆಯಿರಿ. ಸಂಘಕ್ಕೂ ಪೂಜೆಗೂ ಬಾರದೆ ಉಳಿದ ಒಬ್ಬ ಸಹೋದರಿಯ ಹೆಸರನ್ನು ನೆನಪಿಗೆ ತಂದುಕೊಳ್ಳಿ. ಜೋರಾಗಿ ಹೇಳುವುದು ಬೇಡ, ಬರೆಯುವುದೂ ಬೇಡ. ಇಬ್ಬರು ಸದಸ್ಯರು ಈ ವಾರ ಅವಳ ಮನೆಗೆ ಹೋಗಿ ಬರಲಿ. ಸಾಲದ ಮಾತು ಎತ್ತಬೇಡಿ. "ನಿನ್ನ ಜಾಗ ಖಾಲಿ ಇದೆ, ನಿನ್ನನ್ನು ನೆನೆಸ್ಕೊಳ್ತಾ ಇದೀವಿ" ಅಂತ ಹೇಳಿ, ಕಾಫಿ ಕೊಟ್ಟರೆ ಕುಡಿದು ಬನ್ನಿ. ಸಂಘದಲ್ಲಿ ಗೈರುಹಾಜರಿಗೆ ದಂಡ ಇದೆ. ದೇವರ ಮನೆಯಲ್ಲಿ ದಂಡದ ಪುಸ್ತಕ ಇಲ್ಲ.

ಮುಕ್ತಾಯದ ಪ್ರಾರ್ಥನೆ (ಮೇಣದಬತ್ತಿ ಹಚ್ಚಿ, ಎಲ್ಲರೂ ಒಟ್ಟಿಗೆ)

ಪ್ರಭುವೇ, ಬಹಳ ದಿನಗಳ ಮೇಲೆ ನಿಮ್ಮ ಬಾಗಿಲಿಗೆ ಬರುವ ನಮ್ಮ ಅಕ್ಕತಂಗಿಯರ ಅಂಜಿಕೆಯನ್ನು ತೆಗೆದುಬಿಡಿ. ಅವರಿಗೆ ಜಾಗ ಮಾಡಿಕೊಡುವ ಮನಸ್ಸನ್ನು ನಮಗೆ ಕೊಡಿ. ನಮ್ಮ ನಾಲಿಗೆಯನ್ನು ಕಾಯಿರಿ. ನಮ್ಮ ಸಾಲ, ಜಗಳ, ಕಣ್ಣೀರು ಎಲ್ಲವನ್ನೂ ನಿಮ್ಮ ಪೀಠದ ಮುಂದೆ ಇಡುತ್ತೇವೆ. ನಮ್ಮನ್ನು ಒಂದೇ ಮನೆಯವರನ್ನಾಗಿ ಮಾಡಿ. ಆಮೆನ್.